ಸೂಜಿ ಕಂಡರೆ ಕಣ್ಣು ಕತ್ತಲೆ

ಪ್ರಶ್ನೆ: ನನಗೆ 34 ವರ್ಷ. ಮುಂದಿನ ವಾರ ಮೂಗಿನ ಮೂಳೆ ನೇರ ಮಾಡುವ ಆಪರೇಷನ್ ಇದೆ. ಆಪರೇಷನ್ನಿಗೆ ನಾನು ಹೆದರುವುದಿಲ್ಲ, ಅದಕ್ಕೂ ಮೊದಲು ಕೈಗೆ ಚುಚ್ಚುವ ಸೂಜಿಗೆ ಹೆದರುತ್ತೇನೆ. ಹೋದ ಸಲ ರಕ್ತ ಪರೀಕ್ಷೆಗೆ ಕೂತವನು ಕುರ್ಚಿಯಿಂದ ಜಾರಿ ಬಿದ್ದೆ. ಮನೆಯಲ್ಲಿ ಈಗಲೂ ಹೇಳಿಕೊಂಡು ನಗುತ್ತಾರೆ. ಏನು ಮಾಡಲಿ?

ಉತ್ತರ: ನಗುವವರು ನಗಲಿ ಬಿಡಿ. 26 ವರ್ಷ ನರ್ಸ್ ಆಗಿ ಸೂಜಿ ಹಿಡಿದವಳು ನಾನು. ನನ್ನ ಮುಂದೆ ತಲೆ ತಿರುಗಿ ಬಿದ್ದವರಲ್ಲಿ ಬಾಗಿಲು ತುಂಬುವಂಥ ಆಳುಗಳೂ ಇದ್ದರು.

ಹೆದರಿದಾಗ ಸಾಮಾನ್ಯವಾಗಿ ಬಿಪಿ ಏರುತ್ತದೆ, ಅಲ್ವಾ? ಸೂಜಿ ಕಂಡು ತಲೆ ತಿರುಗುವವರಲ್ಲಿ ಅದು ಏರಿ, ಆಮೇಲೆ ದಿಢೀರನೆ ಇಳಿದುಬಿಡುತ್ತದೆ. ಮಿದುಳಿಗೆ ರಕ್ತ ಸಾಲದೆ ಕಣ್ಣು ಕತ್ತಲೆ ಬರುತ್ತದೆ. ಅದಕ್ಕೇ 'ಮೈ ಸಡಿಲ ಬಿಡಿ, ಆರಾಮಾಗಿರಿ' ಅನ್ನುವ ಮಾತು ನಿಮ್ಮಂಥವರಿಗೆ ಕೆಲಸಕ್ಕೆ ಬಾರದು. ನಾನೂ ಎಷ್ಟೋ ವರ್ಷ ಅದನ್ನೇ ಹೇಳಿದೆ. ನನ್ನ ಬುದ್ಧಿಗೆ ಇಷ್ಟು!

ನೀವು ಉಲ್ಟಾ ಮಾಡಿ. ಕಾಲು, ತೊಡೆ, ಹೊಟ್ಟೆ, ತೋಳು ಎಲ್ಲವನ್ನೂ ಬಿಗಿ ಹಿಡಿಯಿರಿ. 10ರಿಂದ 15 ಸೆಕೆಂಡ್, ಮುಖ ಬೆಚ್ಚಗಾಗುವವರೆಗೆ. ಉಸಿರು ಮಾತ್ರ ಕಟ್ಟಬೇಡಿ. ಬಿಟ್ಟು ಅರ್ಧ ನಿಮಿಷ ಸುಮ್ನೆ ಕೂತು ಮತ್ತೆ ಬಿಗಿಹಿಡಿಯಿರಿ. ಹೀಗೆ ಐದು ಸಲ. ಇವತ್ತಿನಿಂದಲೇ ಅಭ್ಯಾಸ ಶುರು ಮಾಡಿ. ಬಿಪಿ ಜಾಸ್ತಿ ಇದ್ದರೆ, ಹೃದಯದ ತೊಂದರೆ ಇದ್ದರೆ ಡಾಕ್ಟರನ್ನು ಕೇಳದೆ ಬೇಡ. ಆ ದಿನ ಚುಚ್ಚುವ ಕೈಯನ್ನು ಮಾತ್ರ ಸಡಿಲ ಬಿಡಿ. ಬಿಗಿದ ಕೈಯಲ್ಲಿ ಚುಚ್ಚಿದರೆ ನೋವು ಜಾಸ್ತಿ.

ನೋವಿಗೇ ಹೆದರುವುದಾದರೆ ಚರ್ಮ ಮರಗಟ್ಟಿಸುವ ಮುಲಾಮು ಇದೆ. ಸುಮಾರು ಒಂದು ಗಂಟೆ ಮೊದಲೇ ಹಚ್ಚಬೇಕು. ನಾವು ಸೂಜಿ ಹಿಡಿದು ನಿಂತಮೇಲೆ ಕೇಳಿದರೆ ಏನೂ ಮಾಡಲಾಗುವುದಿಲ್ಲ. ಎರಡೂ ಕೈಗೆ ಹಚ್ಚಿಸಿಕೊಳ್ಳಿ, ನರ ಯಾವ ಕೈಯಲ್ಲಿ ಸಿಗುತ್ತದೋ ಯಾರಿಗೆ ಗೊತ್ತು.

ಇನ್ನೊಂದು ಮಾತು. ಸೂಜಿ ಒಳಗೇ ಇದೆ ಅಂದುಕೊಂಡು ಕೈಯನ್ನು ಗಾಜಿನ ಸಾಮಾನಿನ ಹಾಗೆ ಎತ್ತಿ ಹಿಡಿದುಕೊಂಡೇ ರಾತ್ರಿ ಕಳೆದವರನ್ನು ನೋಡಿದ್ದೇನೆ. ಡ್ರಿಪ್ ಹಾಕುವಾಗ ಸೂಜಿಯನ್ನು ಆಗಲೇ ಹೊರಗೆ ಎಳೆದಿರುತ್ತೇವೆ. ಒಳಗೆ ಉಳಿಯುವುದು ಮೆತ್ತಗಿನ ಸಣ್ಣ ಪ್ಲಾಸ್ಟಿಕ್ ನಳಿಕೆ ಅಷ್ಟೇ.

ಅಡ್ಮಿಟ್ ಆಗುವಾಗಲೇ ನರ್ಸಿಗೆ ಹೇಳಿಬಿಡಿ: 'ನಾನು ಬೀಳುವ ಗಿರಾಕಿ, ಮಲಗಿಸಿ ಚುಚ್ಚಿ' ಅಂತ. ಖಂಡಿತ ಬೇಜಾರು ಮಾಡಿಕೊಳ್ಳುವುದಿಲ್ಲ. ಬಿದ್ದವರನ್ನು ಎತ್ತುವುದೂ ನಮ್ಮ ಕೆಲಸವೇ ಅಲ್ವಾ, ಸೊಂಟ ನಮ್ಮದು!