ಮೊದಲ ಕೆಲವು ಗಂಟೆಗಳ ಖರ್ಚು ಯಾರದು?

ಓದುಗರ ಪತ್ರ: ನಡುರಾತ್ರಿ ಮಾವನವರಿಗೆ ಎದೆನೋವು ಬಂತು. ಖಾಸಗಿ ಆಸ್ಪತ್ರೆಗೆ ಓಡಿದೆವು. ಬಿಪಿಎಲ್ ಕಾರ್ಡ್ ತೋರಿಸಿದರೂ ‘ಸರ್ಕಾರಿ ಆಸ್ಪತ್ರೆಯ ಶಿಫಾರಸು ಚೀಟಿ ತನ್ನಿ, ಇಲ್ಲವೇ ಅಡ್ವಾನ್ಸ್ ಕಟ್ಟಿ’ ಎಂದರು. ತುರ್ತಿಗೆ ಒದಗದ ವಿಮೆ ಯಾಕೆ ಬೇಕು?
– ಓದುಗರೊಬ್ಬರು, ಹಾಸನ ಜಿಲ್ಲೆ

ನಿಮ್ಮ ಪತ್ರ ಓದಿ ಸಂಕಟವೂ ಆಯಿತು, ಸಿಟ್ಟೂ ಬಂತು. ಹೃದಯಾಘಾತದಂಥ ತುರ್ತಿಗೆ ಆ ಚೀಟಿ ಬೇಕೇ ಇಲ್ಲ. ನೀವು ಹೇಳುವ ಸರ್ಕಾರಿ ವಿಮೆ, ಅಂದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ, 2018ರಲ್ಲಿ ಶುರುವಾದಾಗಲೇ 169 ತುರ್ತು ಚಿಕಿತ್ಸೆಗಳ ಪಟ್ಟಿಯನ್ನು ಬೇರೆ ಮಾಡಿದ್ದರು. ಅವಕ್ಕೆ ಯೋಜನೆಯಲ್ಲಿರುವ ಖಾಸಗಿ ಆಸ್ಪತ್ರೆಗೆ ನೇರವಾಗಿ ಹೋಗಬಹುದು. ತುರ್ತು ಹೊತ್ತಿನಲ್ಲಿ ಅಡ್ವಾನ್ಸ್‌ಗೆ ಪಟ್ಟು ಹಿಡಿಯಬಾರದು ಎಂದು ರಾಜ್ಯದ ಕಾನೂನೂ ಇದೆ.

ಆದರೂ ನಿಮ್ಮ ಪ್ರಶ್ನೆ ಅಲ್ಲಿಗೆ ಮುಗಿಯುವುದಿಲ್ಲ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ಎನ್ನುತ್ತೇವೆ. ಅದು ಸಿಗುವುದು ಪಟ್ಟಿಯಲ್ಲಿರುವ ಚಿಕಿತ್ಸೆಗೆ. ಆಂಜಿಯೋಪ್ಲಾಸ್ಟಿ (ಹೃದಯದ ಕಟ್ಟಿಕೊಂಡ ರಕ್ತನಾಳ ತೆರೆಯುವ ಚಿಕಿತ್ಸೆ) ಮಾಡಿದರೆ ಪ್ಯಾಕೇಜ್, ಅಂದರೆ ಯೋಜನೆ ಆಸ್ಪತ್ರೆಗೆ ಕೊಡುವ ನಿಗದಿತ ಮೊತ್ತ, ಇದೆ. ಇಸಿಜಿ, ರಕ್ತಪರೀಕ್ಷೆ ಮಾಡಿ, ರಾತ್ರಿಯಿಡೀ ನಿಗಾದಲ್ಲಿಟ್ಟು, ಬೆಳಿಗ್ಗೆ ‘ಹೃದಯದ ತೊಂದರೆ ಅಲ್ಲ’ ಎಂದು ಕಳಿಸಿದರೆ? ಆ ಬಿಲ್ಲು ಹೆಚ್ಚಾಗಿ ಮನೆಯವರ ತಲೆಗೇ. ನೋವು ಹೃದಯದ್ದೋ ಗ್ಯಾಸ್ಟ್ರಿಕ್ಕೋ ಅಂತ ಮನೆಯಲ್ಲಿ ಕೂತು ಹೇಳೋಕಾಗುತ್ತಾ? ಬಿಲ್ಲಿಗೆ ಹೆದರಿ ಬೆಳಗಾಗಲಿ ಎಂದು ಕಾಯುವವರ ಜೀವಕ್ಕೆ ಕುತ್ತು.

1989ರಲ್ಲಿ ಪರಮಾನಂದ ಕಟಾರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಜೀವ ಉಳಿಸುವುದು ಸರ್ಕಾರಿ, ಖಾಸಗಿ ಎನ್ನದೆ ಎಲ್ಲ ವೈದ್ಯರ ಕರ್ತವ್ಯ ಎಂದಿತು. ದುಡ್ಡು ಎಲ್ಲಿಂದ ಬರಬೇಕು? ಅದು ಇತ್ಯರ್ಥವಾಗದ ತನಕ ಸಣ್ಣ ಆಸ್ಪತ್ರೆಗಳು ಹಿಂದೇಟು ಹಾಕುತ್ತಲೇ ಇರುತ್ತವೆ.

ದಾರಿ ನಮ್ಮಲ್ಲೇ ಇದೆ. 2016ರಲ್ಲಿ ನೆಲಮಂಗಲದ ಹತ್ತಿರ ಅಪಘಾತವಾಗಿ, ಸಾಯುವ ಮುಂಚೆ ಅಂಗಾಂಗ ದಾನ ಮಾಡಿ ಎಂದ ಹರೀಶ್ ನೆನಪಿದ್ದಾರಲ್ವಾ? ಅವರ ಹೆಸರಿನ ಸಾಂತ್ವನ ಯೋಜನೆ ಗಾಯಾಳುವಿನ ಕಾರ್ಡ್ ಕೇಳಲಿಲ್ಲ, ಊರು ಕೇಳಲಿಲ್ಲ. ಮೊದಲ 48 ಗಂಟೆಗೆ 25,000 ರೂಪಾಯಿವರೆಗೆ ಸರ್ಕಾರವೇ ಕೊಡುತ್ತದೆ ಎಂದಿತು. 2025ರಲ್ಲಿ ಕೇಂದ್ರವೂ ರಸ್ತೆ ಅಪಘಾತಕ್ಕೆ 7 ದಿನ, 1.5 ಲಕ್ಷದವರೆಗೆ ನಗದುರಹಿತ ಚಿಕಿತ್ಸೆ ತಂದಿತು. ಇದನ್ನೇ ಎದೆನೋವಿಗೆ, ಪಾರ್ಶ್ವವಾಯುವಿಗೆ, ಹಾವು ಕಡಿತಕ್ಕೆ ಯಾಕೆ ಕೊಡಬಾರದು? ಕೊಡಲೇಬೇಕು. ರೋಗದ ಹೆಸರು ತಿಳಿಯುವ ಮೊದಲಿನ ಖರ್ಚೂ ವಿಮೆಗೆ ಸೇರಬೇಕು.

ಸದ್ಯಕ್ಕೆ ಒಂದು ಮಾತು. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಿರುವ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿಯೂ, ರಕ್ತದ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ನೂ ಉಚಿತ. ನಿಮ್ಮ ತಾಲ್ಲೂಕಿನಲ್ಲಿದೆಯೇ ಎಂದು ಇವತ್ತೇ ವಿಚಾರಿಸಿಡಿ. ಅಡ್ವಾನ್ಸ್ ಕಟ್ಟಿದ ರಸೀದಿ ಇದ್ದರೆ, ಅದನ್ನಿಟ್ಟು ಆರೋಗ್ಯ ಕರ್ನಾಟಕ ಯೋಜನೆ ನಡೆಸುವ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್‌ಗೆ ಲಿಖಿತ ದೂರು ಕೊಡಿ. ಬಾಯಿಮಾತಿಗೆ ಸುಮ್ಮನಾಗಬೇಡಿ.

– ಸಂಪಾದಕ