ತಡೆಯುವವರು ಕಾರಣ ಹೇಳಬೇಡವೇ?

ಕಾಸರಗೋಡಿನ ಉಪ್ಪಳದ ಓದುಗರೊಬ್ಬರ ಪತ್ರ: "ಗಲ್ಫಿನಲ್ಲಿ ದಾಖಲೆ ಇಲ್ಲದೆ ಸಿಕ್ಕಿಬಿದ್ದವರ ಬಗ್ಗೆ ಕಳೆದ ಸಂಚಿಕೆಯಲ್ಲಿ ಅಷ್ಟೊಂದು ಮರುಕ ಯಾಕೆ? ನಮ್ಮ ಕಾಂಪೌಂಡ್ ಹಾರಿ ಬಂದವನನ್ನು ಕೂರಿಸಿ ಚಹಾ ಕೊಡುತ್ತೇವಾ? ದೇಶಕ್ಕೂ ಅದೇ ನ್ಯಾಯ."

ಪ್ರಿಯರೇ,

ನಾವು ಬರೆದದ್ದು ಕಾಂಪೌಂಡ್ ಹಾರಿದವರ ಬಗ್ಗೆ ಅಲ್ಲ. ಅವರು ವೀಸಾ ಹಿಡಿದು ಗೇಟಿನಲ್ಲೇ ಒಳಗೆ ಹೋದವರು. ಸೌದಿಯ ಹೌಸ್ ಡ್ರೈವರ್, ಅಂದರೆ ಒಂದು ಮನೆಯ ಕಾರು ಓಡಿಸುವವನ ಕೆಲಸವನ್ನೇ ನೋಡಿ. ನಿಮ್ಮ ಊರಿಗೆ ಅದು ಹೊಸದಲ್ಲ. ಇಕಾಮ, ಅಂದರೆ ಅಲ್ಲಿ ವಾಸಿಸುವ ಪರವಾನಗಿ, ಇರುವುದು ಕಫೀಲನ, ಅಂದರೆ ಕರೆಸಿಕೊಂಡ ಮಾಲೀಕನ ಕೈಯಲ್ಲಿ. ಬಂದಿಳಿದ ದಿನವೇ ಪಾಸ್‌ಪೋರ್ಟ್ ಅವನ ಕಪಾಟು ಸೇರುವುದೂ ಉಂಟು. ತಿಂಗಳುಗಟ್ಟಲೆ ಸಂಬಳ ಬಾರದೆ ಡ್ರೈವರ್ ಆ ಮನೆ ಬಿಟ್ಟ ಅಂತಿಟ್ಟುಕೊಳ್ಳಿ. ಕಫೀಲ 'ಓಡಿಹೋದ' ಅಂತ ಹುರೂಬ್ ದೂರು ಹಾಕುತ್ತಾನೆ. ಅದರಿಂದಾಗಿ ಪೊಲೀಸರ ಲೆಕ್ಕದಲ್ಲಿ ಇವನು ಅಕ್ರಮನಾಗಿಬಿಡಬಹುದು. ಸಂಬಳ ಕೊಡದವನು ಆರಾಮಾಗಿರುತ್ತಾನೆ. 2021ರಲ್ಲಿ ಸೌದಿ ನಿಯಮ ಸಡಿಲಿಸಿತು, ಕಂಪನಿ ಕೆಲಸಗಾರರು ಮಾಲೀಕನ ಒಪ್ಪಿಗೆ ಇಲ್ಲದೆಯೂ ಊರಿಗೆ ಬಂದು ಹೋಗಬಹುದು ಎಂದಿತು. ಆದರೆ ಮನೆಗೆಲಸದವರನ್ನೂ ಹೌಸ್ ಡ್ರೈವರ್‌ಗಳನ್ನೂ ಅದರಿಂದ ಹೊರಗಿಟ್ಟಿತು. ಜಾಸ್ತಿ ಕಷ್ಟ ಇದ್ದದ್ದೇ ಅವರಿಗೆ ಅಲ್ವಾ?

ಇನ್ನು ನಿಮ್ಮ ಕಾಂಪೌಂಡಿನ ಮಾತು. ಅದಕ್ಕೆ ನೀವೊಬ್ಬರೇ ಯಜಮಾನರು. ದೇಶದಲ್ಲಿ ಹಾಗಲ್ಲ. ಅಲ್ಲಿನ ಅಂಗಡಿಯವನಿಗೆ ಜನ ಬೇಕು, ಇಲ್ಲಿನ ಹುಡುಗನಿಗೆ ಕೆಲಸ ಬೇಕು. ಇಬ್ಬರೂ ಒಪ್ಪಿದ ಮೇಲೂ ಸರ್ಕಾರ ನಡುವೆ ಬರುತ್ತದೆ. ಬರಲಿ. ಒಳಗೆ ಯಾರು ಬಂದರು ಅಂತ ಸರ್ಕಾರಕ್ಕೆ ಗೊತ್ತಿರಬೇಕು, ಬೇಡ ಅನ್ನುವ ಅಧಿಕಾರವೂ ಇರಬೇಕು. ಆದರೆ ತಡೆಯುವವರು ಕಾರಣ ಹೇಳಬೇಕು, ಎದುರಿಗೆ ನಿಂತವನ ಮಾತು ಕೇಳಬೇಕು. ನಾನು ಹಟ ಹಿಡಿಯುವುದು ಇಷ್ಟಕ್ಕೇ.

ಇದನ್ನು ನಮ್ಮ ಸುಪ್ರೀಂ ಕೋರ್ಟೇ ಹೇಳಿದೆ. 1977ರಲ್ಲಿ ಸರ್ಕಾರ ಮೇನಕಾ ಗಾಂಧಿಯವರ ಪಾಸ್‌ಪೋರ್ಟ್ ಮುಟ್ಟುಗೋಲಿಗೆ ಆದೇಶಿಸಿತು. ಕಾರಣ ಕೇಳಿದರೆ, ಸಾರ್ವಜನಿಕ ಹಿತದ ದೃಷ್ಟಿಯಿಂದ ಹೇಳಲಾಗದು ಎಂದಿತು. ವಿದೇಶಕ್ಕೆ ಹೋಗುವುದೂ 21ನೇ ವಿಧಿಯ ವೈಯಕ್ತಿಕ ಸ್ವಾತಂತ್ರ್ಯ, ಅದನ್ನು ತಡೆಯುವ ಕ್ರಮ ನ್ಯಾಯವಾಗಿರಲೇಬೇಕು ಎಂದು ಕೋರ್ಟ್ 1978ರಲ್ಲಿ ತೀರ್ಪು ಕೊಟ್ಟಿತು.

ದೂರದ ಮಾತು ಯಾಕೆ, ಕೇರಳ-ಕರ್ನಾಟಕ ಗಡಿಯ ತಲಪಾಡಿಯನ್ನು ಮರೆತಿರಾ? 2020ರ ಮಾರ್ಚ್ ಕೊನೆ. ಕೊರೊನಾ ಭಯಕ್ಕೆ ಕರ್ನಾಟಕ ಗಡಿ ರಸ್ತೆಗಳಿಗೆ ಲೋಡುಗಟ್ಟಲೆ ಮಣ್ಣು ಸುರಿಸಿತ್ತು. ಈಚೆ ಕೇರಳದ ಮಂಜೇಶ್ವರ, ಕುಂಬಳೆ ಕಡೆಯವರಿಗೆ ದೊಡ್ಡಾಸ್ಪತ್ರೆ ಅಂದರೆ ಮಂಗಳೂರು. ಡಯಾಲಿಸಿಸ್ಸಿಗೆ ಹೊರಟವರಿಗೂ ಹೆರಿಗೆಗೆ ಹೊರಟವರಿಗೂ ಅದೇ ದಾರಿ. ಆಂಬುಲೆನ್ಸ್‌ಗಳು ವಾಪಸ್ ತಿರುಗಿದವು. ಚಿಕಿತ್ಸೆ ಸಿಗದೆ ಹಲವರು ತೀರಿಕೊಂಡರು. ಸೋಂಕಿನ ಭಯ ಸುಳ್ಳಾಗಿರಲಿಲ್ಲ, ಒಪ್ಪುತ್ತೇನೆ. ಆದರೆ ಯಾವ ರೋಗಿಯನ್ನು ಬಿಡಬೇಕು ಅಂತ ನೋಡುವ ವ್ಯವಸ್ಥೆಯೇ ಅಲ್ಲಿರಲಿಲ್ಲ. ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ದಾರಿ ತೆರೆಸುವಂತೆ ಕೇಂದ್ರಕ್ಕೆ ಹೇಳಬೇಕಾಯಿತು. ಅದು ದೇಶದ ಗಡಿಯೂ ಅಲ್ಲ, 1956ರಲ್ಲಿ ಎಳೆದ ರಾಜ್ಯದ ಗೆರೆ. ದೇಶದೊಳಗೆ ಓಡಾಡುವ ಹಕ್ಕು 19ನೇ ವಿಧಿಯಲ್ಲೇ ಇದೆ. ಆ ರೋಗಿಗಳು ಯಾರ ಕಾಂಪೌಂಡ್ ಹಾರಿದ್ದರು, ಹೇಳಿ. ಅವತ್ತು ನಮಗಾದ ಸಂಕಟವೇ ಗಲ್ಫಿನ ಹುಡುಗನದ್ದೂ. ಅದಕ್ಕೇ ಮರುಕ.

ನಿಮ್ಮ ಪರಿಚಯದ ಯಾರಾದರೂ ಹೊರಟಿದ್ದರೆ ಸುಮ್ನೆ ಕಳಿಸಬೇಡಿ. ಪಾಸ್‌ಪೋರ್ಟ್, ವೀಸಾ, ಕೆಲಸದ ಕರಾರಿನ ಕಾಪಿ ಮನೆಯಲ್ಲೊಂದು ಇರಲಿ. ಪಾಸ್‌ಪೋರ್ಟ್ ಭಾರತ ಸರ್ಕಾರದ ಸೊತ್ತು, ಕಫೀಲನದ್ದಲ್ಲ. ಅವನು ಇಟ್ಟುಕೊಂಡರೆ ರಾಯಭಾರ ಕಚೇರಿಗೆ ತಿಳಿಸಲಿ. ಮನೆಯವರು ಇಲ್ಲಿಂದಲೇ ವಿದೇಶಾಂಗ ಇಲಾಖೆಯ 'ಮದದ್' ಪೋರ್ಟಲ್‌ನಲ್ಲಿ ದೂರು ಕೊಡಬಹುದು.

– ಸಂ.