ಕತ್ತರಿಸಿದ ಸ್ಟಿಕ್ಕಿನಿಂದ ಪಕ್ ಯಾಕೆ ಓಡಲ್ಲ?

ಪ್ರಶ್ನೆ: ಮಗಳಿಗೆ 13 ವರ್ಷ, ತೂಕ 40 ಕೆ.ಜಿ. ಗಾಲಿ ಸ್ಕೇಟ್ ಕಟ್ಟಿಕೊಂಡು ಸಿಮೆಂಟ್ ಅಂಕಣದಲ್ಲಿ ಗಾಲಿ ಹಾಕಿ (ರೋಲರ್ ಹಾಕಿ) ಆಡುತ್ತಾಳೆ, ಚೆಂಡಿನ ಬದಲು ಪಕ್ ಅನ್ನೋ ಚಪ್ಪಟೆ ಬಿಲ್ಲೆ. ಬೆಂಗಳೂರಿನ ನಮ್ಮ ಅಣ್ಣನ ಮಗ ತನ್ನ ಹಳೇ ಸ್ಟಿಕ್ ಕೊಟ್ಟಿದ್ದ, ಮೇಲೆ 85 ಅಂತ ಬರೆದಿದೆ. ಉದ್ದ ಜಾಸ್ತಿ ಆಯ್ತು ಅಂತ ಮೇಲ್ತುದಿಯಲ್ಲಿ ನಾಲ್ಕು ಇಂಚು ಕತ್ತರಿಸಿದೆವು. ಈಗ ಎಷ್ಟು ಬೀಸಿದರೂ ಪಕ್ ದೂರ ಹೋಗಲ್ಲ ಅಂತಾಳೆ. ದುಬಾರಿ ಕಾರ್ಬನ್ ಸ್ಟಿಕ್ಕೇ ಕೊಡಿಸಬೇಕಾ? ನನ್ನ ತವರು ಶಿರಸಿ, ಈ ಆಟದ ಗಂಧವೂ ನಮಗಿಲ್ಲ.
– ಓದುಗರೊಬ್ಬರು, ಕಾರವಾರ

ಉತ್ತರ: ಆ 85ರಲ್ಲೇ ಇದೆ ನೋಡಿ ವಿಷಯ. ಅದನ್ನು ಫ್ಲೆಕ್ಸ್ ಅಂತಾರೆ. ಕೋಲನ್ನು ಒಂದು ಇಂಚು ಬಗ್ಗಿಸಲು ಸುಮಾರು 85 ಪೌಂಡ್, ಅಂದರೆ 39 ಕೆ.ಜಿ.ಯಷ್ಟು ಭಾರ ಬೇಕು ಅಂತ ಅರ್ಥ. ನಿಮ್ಮ ಮಗಳು ಇರುವುದೇ 40 ಕೆ.ಜಿ.! ಸಾಲದ್ದಕ್ಕೆ ಕತ್ತರಿಸಿದ್ದೀರಿ. ಕೋಲು ಗಿಡ್ಡ ಆದಷ್ಟೂ ಗಡುಸಾಗುತ್ತದೆ. ಇಲ್ಲಿ ಕತ್ತರಿಸಿದರೆ ಫ್ಲೆಕ್ಸ್ ಇಷ್ಟಾಗುತ್ತದೆ ಅಂತ ಕೆಲವು ಸ್ಟಿಕ್‌ಗಳ ಮೇಲೆ ಗೆರೆ ಹಾಕಿ ಬರೆದೇ ಇರುತ್ತಾರೆ.

ಬಗ್ಗಿದರೇನು ಬಿಟ್ಟರೇನು ಅನ್ನಬೇಡಿ. ಐಸ್ ಹಾಕಿಯ ಸ್ಲ್ಯಾಪ್ ಶಾಟ್, ಅಂದರೆ ಸ್ಟಿಕ್ ಹಿಂದಕ್ಕೆತ್ತಿ ಜೋರಾಗಿ ಬೀಸುವ ಹೊಡೆತವನ್ನು ನಿಧಾನಗತಿಯಲ್ಲಿ ನೋಡಿ: ಸ್ಟಿಕ್ ಮೊದಲು ತಾಗುವುದು ಪಕ್‌ಗಲ್ಲ, ಅದರ ಸ್ವಲ್ಪ ಹಿಂದಿನ ಮಂಜುಗಡ್ಡೆಗೆ. ಅಲ್ಲಿ ಊರಿ ಕೋಲು ಬಿಲ್ಲಾಗುತ್ತದೆ, ಆಮೇಲೆ ನೆಟ್ಟಗಾಗುವಾಗ ಪಕ್ಕನ್ನು ದೂಡುತ್ತದೆ. ತೋಳಿನ ಬೀಸಿನ ಜೊತೆಗೆ ಈ ಚಿಮ್ಮುವಿಕೆಯೂ ಸೇರಿಯೇ ಅಷ್ಟು ವೇಗ ಬರುವುದು. ನಿಮ್ಮ ತವರಿನ ತೋಟದಲ್ಲಿ ಅಡಿಕೆ ಕೊಯ್ಯುವ ಕೊನೆಗೌಡ ತಾನು ಹತ್ತಿದ ಮರವನ್ನೇ ತೂಗಿ, ಬಗ್ಗಿಸಿ ಪಕ್ಕದ ಮರ ಹಿಡಿಯುವುದನ್ನು ನೋಡಿಯೇ ಇರ್ತೀರಿ, ಅವನು ಕೈಬಿಟ್ಟ ಮರ ಹೇಗೆ ರಪ್ಪನೆ ಹಿಂದಕ್ಕೆ ಹೋಗುತ್ತದೆ ಅಲ್ವಾ? ಅದೇ ಮರಕ್ಕೆ ಸಣ್ಣ ಹುಡುಗಿಯನ್ನು ಹತ್ತಿಸಿದರೆ ಅಷ್ಟು ಬಗ್ಗೀತಾ?

ಹಾಗಂತ ತೀರಾ ಮೆತ್ತಗಿನದೂ ಬೇಡ. ಜೋರಾಗಿ ಬೀಸುವವರ ಕೈಯಲ್ಲಿ ಅದು ಅತಿಯಾಗಿ ಬಗ್ಗಿ, ನೆಟ್ಟಗಾಗುವಷ್ಟರಲ್ಲಿ ಪಕ್ ಹೋಗಿಯೇ ಬಿಟ್ಟಿರುತ್ತದೆ, ಗುರಿಯೂ ತಪ್ಪುತ್ತದೆ. 2012ರಲ್ಲಿ ಗಂಟೆಗೆ 175 ಕಿ.ಮೀ. ವೇಗದಲ್ಲಿ ಪಕ್ ಹೊಡೆದ ಐಸ್ ಹಾಕಿ ಆಟಗಾರ ಝ್ಡೆನೊ ಚಾರಾ ಬಳಸುತ್ತಿದ್ದದ್ದು ಬಹಳ ಗಡುಸಾದ ಸ್ಟಿಕ್. ಆದರೆ ಆತ ಆರೂಮುಕ್ಕಾಲು ಅಡಿ ಎತ್ತರದ ಆಳು!

ಆಟಗಾರರ ರೂಢಿಯ ಲೆಕ್ಕ ಸುಲಭ: ಪೌಂಡಿನಲ್ಲಿ ತೂಕ ಎಷ್ಟೋ ಅದರ ಅರ್ಧ. ನಿಮ್ಮ ಮಗಳು 88 ಪೌಂಡ್, ಅಂದರೆ 40-45 ಫ್ಲೆಕ್ಸ್‌ನ ಜೂನಿಯರ್ ಸ್ಟಿಕ್ ಸಾಕು. ಕಾರ್ಬನ್ ಹಗುರ, ಚುರುಕಾಗಿ ಚಿಮ್ಮುತ್ತದೆ, ನಿಜ. ಆದರೆ ಫ್ಲೆಕ್ಸ್ ಹೊಂದದ ಕಾರ್ಬನ್‌ಗೆ ದುಡ್ಡು ಸುರಿಯುವುದು ಸುಮ್ನೆ ದಂಡ, ಮೇಲಾಗಿ ಅದು ಮುರಿದರೆ ಫಟ್ ಅಂತ ಒಮ್ಮೆಲೇ ಮುರಿಯುತ್ತದೆ. ಬೆಳೆಯುವ ವಯಸ್ಸು ಬೇರೆ. ಅಗ್ಗದ್ದೇ ಕೊಡಿಸಿ.

ಇನ್ನು ದೂರದ ಮಾತು. ಮಂಜುಗಡ್ಡೆ ಮೇಲೆ ಪಕ್ ಸುಮಾರು 60 ಮೀಟರಿನ ಅಂಕಣದ ಈ ತುದಿಯಿಂದ ಆ ತುದಿಗೂ ಜಾರಿ ಹೋದೀತು. ಸಿಮೆಂಟ್ ನೆಲ ಹಾಗಲ್ಲ, ಅದರಲ್ಲೂ ಸಮುದ್ರದ ಕಡೆಯಿಂದ ಮರಳು ಬಂದು ಕೂರುವ ಊರು ನಿಮ್ಮದು. ಗಾಲಿ ಹಾಕಿಯ ಪಕ್ಕಿಗೆ ಎರಡೂ ಬದಿಯಲ್ಲಿ ಸಣ್ಣ ಪ್ಲಾಸ್ಟಿಕ್ ಉಬ್ಬುಗಳಿರುತ್ತವೆ, ಅವುಗಳ ಮೇಲೆಯೇ ಅದು ಜಾರುವುದು. ಅವು ಸವೆದಿದ್ದರೆ ಎಂಥ ಸ್ಟಿಕ್ ಇದ್ದರೂ ಪಕ್ ನೆಲಕ್ಕೆ ಉಜ್ಜಿಕೊಂಡು ನಿಲ್ಲುತ್ತದೆ. ಅಂಗಡಿಗೆ ಹೋಗುವ ಮೊದಲು ಪಕ್ಕನ್ನು ತಿರುಗಿಸಿ ನೋಡಿ, ಅಂಕಣವನ್ನೂ ಒಮ್ಮೆ ಗುಡಿಸಿಸಿ.